ಡಂಪರಿನ ಗಂಟೆಗಳು, ಹೊಳೆಯ ಕೆಸರು

ಮೈಸೂರಿನ ಬೆಳವಾಡಿಯಲ್ಲಿರುವ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾಗುವ ಡಂಪರುಗಳು ದೇಶದ ಹಲವು ತೆರೆದ ಗಣಿಗಳಲ್ಲಿ ದುಡಿಯುತ್ತವೆ. ಅದೇ ನಗರದಲ್ಲಿ ಮಲೆನಾಡಿನ ಮಕ್ಕಳು ಇಂಜಿನಿಯರಿಂಗ್ ಓದುತ್ತಾರೆ. ಒಂದು ಯಂತ್ರ ಯಾವ ಗಣಿಯಲ್ಲಿ ಎಷ್ಟು ದುಡಿಯಿತೆಂದು ಹೋಲಿಸಿ ನೋಡುವ ಲೆಕ್ಕಶಾಸ್ತ್ರವೊಂದಿದೆ. ಅದನ್ನು ಗಣಿ ಕಂಪನಿಗಳಿಗೇ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ತರವಲ್ಲ.

ಈ ಶಾಸ್ತ್ರ ಕಠಿಣವೇನಲ್ಲ. ನಿಗದಿಯಾದ ಗಂಟೆಗಳಲ್ಲಿ ದುರಸ್ತಿಗೆ ನಿಂತ ಗಂಟೆಗಳನ್ನು ಕಳೆದರೆ ಉಳಿಯುವುದು ಯಂತ್ರದ ‘ಲಭ್ಯತೆ’. ನಿಜವಾಗಿ ದುಡಿದ ಗಂಟೆಗಳು ಅದರ ‘ಬಳಕೆ’. ಕಲ್ಲಿದ್ದಲು ಗಣಿಗಳ ಯೋಜನೆ ರೂಪಿಸುವ ಸಿಎಂಪಿಡಿಐ ಸಂಸ್ಥೆ ಡಂಪರಿಗೆ ಲಭ್ಯತೆ ಶೇ. 67, ಬಳಕೆ ಶೇ. 50 ಎಂಬ ಮಾನದಂಡವನ್ನು ಇಟ್ಟುಕೊಂಡು ಬಂದಿದೆ. ಗಂಟೆಗೆ ಸಾಗಿಸಿದ ಟನ್, ಟನ್ನಿಗೆ ಸುಟ್ಟ ಡೀಸೆಲ್ ಇತ್ಯಾದಿ ಲೆಕ್ಕಗಳೂ ಇದಕ್ಕೆ ಸೇರುತ್ತವೆ.

ಆದರೆ ಬಯಲಿನ ಗಣಿಯನ್ನೂ ಘಟ್ಟದ ಗಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೆ? ಏರು, ದೂರ, ಮಳೆ ಎಲ್ಲವೂ ಬೇರೆ. ಮಳೆಗಾಲದಲ್ಲಿ ಯಂತ್ರ ಸಿದ್ಧವಿದ್ದರೂ ದಾರಿ ಕೆಸರಾಗಿರುತ್ತದೆ. ಕಡತದಲ್ಲಿ ಅದು ವ್ಯರ್ಥವಾಗಿ ಕಳೆದ ಹೊತ್ತು. ಅಗೆದು ಸಡಿಲಗೊಂಡ ಮಣ್ಣು ಹಳ್ಳ ಸೇರುವುದು ಮಾತ್ರ ಆ ಹೊತ್ತಿನಲ್ಲಿಯೇ. ಅದಕ್ಕೆ ಕಡತದಲ್ಲಿ ಅಂಕಣವಿಲ್ಲ. ಕುದುರೆಮುಖದ ಅದಿರಿನಲ್ಲಿ ಕಬ್ಬಿಣಾಂಶ ಅರ್ಧಕ್ಕಿಂತ ಕಡಿಮೆಯಿತ್ತು. ಸಾರ ತೆಗೆದ ಮೇಲೆ ಉಳಿದ ಹೂಳನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದರು. ಡಂಪರಿನ ಲೆಕ್ಕದಲ್ಲಿ ಅದಿರೂ ಟನ್ನೇ, ಹೂಳಾಗಲಿರುವುದೂ ಟನ್ನೇ. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ ಅಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಯಂತ್ರಗಳ ದಕ್ಷತೆ ಕುಸಿದದ್ದು ಅದಕ್ಕೆ ಕಾರಣವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಹಾಗೆಂದು ಈ ಲೆಕ್ಕವನ್ನು ತಿರಸ್ಕರಿಸಬೇಕೆಂದು ನಾವು ಹೇಳುತ್ತಿಲ್ಲ. ಅದು ನಮಗೇ ಹೆಚ್ಚು ಬೇಕಾದದ್ದು. 50 ಟನ್ ಹೊರುವ ಡಂಪರು ದಿನಕ್ಕೆ 12 ಗಂಟೆ ದುಡಿದು, ಗಂಟೆಗೆ ಎರಡು ಸುತ್ತು ಹಾಕುತ್ತದೆಂದು ಭಾವಿಸೋಣ. ದಿನಕ್ಕೆ 1,200 ಟನ್ ಆಯಿತು. ಅಂಥ ಹತ್ತು ಡಂಪರುಗಳು 300 ದಿನಗಳಲ್ಲಿ 36 ಲಕ್ಷ ಟನ್ ಸಾಗಿಸುತ್ತವೆ. ಇದರಲ್ಲಿ ಅದಿರಿನ ಮೇಲಿನ ಮಣ್ಣು ಎಷ್ಟೆಂದು ಕಳೆಯಬೇಕು, ಅದು ನ್ಯಾಯ. ಕಳೆದ ಮೇಲೂ ಪರವಾನಗಿಯಲ್ಲಿ ಬರೆದ ಅಂಕಿ ಬಹಳ ಚಿಕ್ಕದಾಗಿದ್ದರೆ, ಉಳಿದ ಟನ್ನುಗಳು ಎಲ್ಲಿಗೆ ಹೋದವು? ಬಳ್ಳಾರಿ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕಾಲಕ್ಕೆ ಸರಿಯಾಗಿ ಕೇಳಿದವರು ಕಡಿಮೆ. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತೆಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೇಳುವ ಹೊತ್ತಿಗೆ 2011ರ ಜುಲೈ ಬಂದಿತ್ತು. ಅಷ್ಟು ಅದಿರು ತಾನಾಗಿಯೇ ನಡೆದುಹೋಗಲಿಲ್ಲ. ಯಂತ್ರಗಳು ಅಗೆದು, ಹೊತ್ತು ಸಾಗಿಸಿದ್ದವು.

ಗಣಿ ಮಾಲೀಕರು ಭಾರತೀಯ ಗಣಿ ಬ್ಯೂರೋಗೆ ಸಲ್ಲಿಸುವ ವಾರ್ಷಿಕ ವಿವರಪಟ್ಟಿಯಲ್ಲಿ ಯಂತ್ರಗಳ ಬಗೆ, ಸಾಮರ್ಥ್ಯ, ಸಂಖ್ಯೆಗಳನ್ನು ಕೇಳಲಾಗುತ್ತದೆ. ಅವು ದುಡಿದ ಗಂಟೆಗಳನ್ನೂ ಸೇರಿಸಿ, ಪ್ರತಿ ತಿಂಗಳು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕೆಂಬುದು ನಮ್ಮ ಆಗ್ರಹ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇಲಾಖೆಗಳಿಗೆ ಅರ್ಜಿ ಹಾಕಲು ಯಾರ ಅಪ್ಪಣೆಯೂ ಬೇಡ.

ಮೈಸೂರಿನಲ್ಲಿ ಓದುತ್ತಿರುವ ಗೆಳೆಯರು ರಜೆಗೆ ಬಂದಾಗ, ತಮ್ಮೂರಿನ ಕಲ್ಲುಕ್ವಾರಿಯಿಂದ ಹೊರಡುವ ಟಿಪ್ಪರುಗಳನ್ನು ಊರ ರಸ್ತೆಯಲ್ಲಿಯೇ ನಿಂತು ಒಂದು ವಾರ ಎಣಿಸಲಿ. ದಿನಾಂಕ, ವೇಳೆ, ಸುತ್ತುಗಳ ಸಂಖ್ಯೆಯನ್ನು ಬರೆದು ನಮಗೆ ಕಳುಹಿಸಿಕೊಡಲಿ.