ಅತಿಥಿ ದೇವರಾದರೆ ಕನ್ನಡಿಗ ಬರೀ ಮಾಣಿಯೇ?



ಬೆಂಗಳೂರಿನ ಯಾವುದಾದರೂ ಪಂಚತಾರಾ ಹೋಟೆಲಿಗೆ ಹೋಗಿ ಕನ್ನಡದಲ್ಲಿ ಮಾತಾಡಿಸಿ ನೋಡಿ. ಬಾಗಿಲು ಕಾಯುವವನೋ, ಕಾರು ನಿಲ್ಲಿಸುವವನೋ ಉತ್ತರ ಕೊಟ್ಟಾನು. ಒಳಗೊಳಗೆ ಹೋದಂತೆ ಕನ್ನಡ ಕರಗುತ್ತದೆ. ಮ್ಯಾನೇಜರರ ಕೊಠಡಿ ಮುಟ್ಟುವಷ್ಟರಲ್ಲಿ ಮಾಯ!

ಇದು ಆಕಸ್ಮಿಕವೆಂದು ತಿಳಿದಿರಾ? ಆ ಕೊಠಡಿಗೆ ಹೋಗುವ ದಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ. ಈಗಂತೂ 'ಅಂತಾರಾಷ್ಟ್ರೀಯ ಮತ್ತು ಜವಾಬ್ದಾರಿಯುತ ಆತಿಥ್ಯ ನಿರ್ವಹಣೆ' ಎಂಬ ಭಾರೀ ಹೆಸರಿನ ಕೋರ್ಸುಗಳು ಬಂದಿವೆ. ಜವಾಬ್ದಾರಿ! ಯಾರಿಗೆ ಜವಾಬ್ದಾರಿ? ಟವೆಲು ಕಡಿಮೆ ಒಗೆಯುವುದು, ಪ್ಲಾಸ್ಟಿಕ್ ಬಿಡುವುದು, ನೀರು ಉಳಿಸುವುದು ಎಲ್ಲ ಸರಿ, ನಮ್ಮ ತಕರಾರಿಲ್ಲ. ಆದರೆ ಜವಾಬ್ದಾರಿ ಪ್ರವಾಸೋದ್ಯಮದ ಮೂಲ ದಾಖಲೆಯಾದ 2002ರ ಕೇಪ್‌ಟೌನ್ ಘೋಷಣೆ ಹೇಳುವುದು ಬೇರೆಯೇ ಇದೆ. ಊರು ಮೊದಲು ಅಲ್ಲಿ ಬಾಳುವವರಿಗೆ ಚೆನ್ನಾಗಿರಬೇಕು, ಅವರ ಬದುಕಿಗೆ ತಟ್ಟುವ ತೀರ್ಮಾನದಲ್ಲಿ ಅವರೂ ಇರಬೇಕು ಎನ್ನುತ್ತದೆ ಅದು. ಊರಿನವರ ಮಾತೇ ಬಾರದವನು ಊರಿನವರನ್ನು ಏನೆಂದು ಕೇಳುತ್ತಾನೆ?

ಇನ್ನು ಬಾಗಿಲಿನ ಬೀಗ ನೋಡಿ. ಕೇಂದ್ರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ನಮ್ಮ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲೇ ಇದೆ. ನೆಲ ನಮ್ಮದು. ಆದರೆ ಅದರ ಪದವಿ ಪ್ರವೇಶ ಪರೀಕ್ಷೆಯನ್ನು 2019ರಿಂದ ನಡೆಸುತ್ತಿರುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ವೈದ್ಯಕೀಯದ ನೀಟ್ 2017ರಿಂದ ಕನ್ನಡದಲ್ಲಿದೆ. ಇದೇ ಸಂಸ್ಥೆ ಎಂಜಿನಿಯರಿಂಗಿನ ಜೆಇಇ ಮೇನ್ಸನ್ನು 2021ರಿಂದ, ಸಿಯುಇಟಿಯನ್ನು 2022ರಿಂದ ಕನ್ನಡದಲ್ಲೂ ಕೊಡುತ್ತಿದೆ. ಹೋಟೆಲ್ ಪರೀಕ್ಷೆ ಮಾತ್ರ 2025ರಲ್ಲೂ ಇಂಗ್ಲಿಷ್ ಮತ್ತು ಹಿಂದಿ, ಎರಡೇ! ಹೃದಯ ಕೊಯ್ಯುವ ಡಾಕ್ಟರಾಗಲು ಕನ್ನಡ ಸಾಕು, ಈರುಳ್ಳಿ ಕೊಯ್ಯುವುದನ್ನು ಕಲಿಯಲು ಸಾಲದು! ಲಖನೌದ ಹುಡುಗ ತಾಯಿನುಡಿಯಲ್ಲಿ ಬರೆಯುತ್ತಾನೆ, ಬರೆಯಲಿ. ವಿಜಯಪುರದ ಹುಡುಗಿ ಮಾಡಿದ ಪಾಪವೇನು?

'ಹೊರದೇಶದ ಅತಿಥಿಗೆ ಇಂಗ್ಲಿಷ್ ಬೇಕಲ್ಲ' ಎನ್ನುವ ಬುದ್ಧಿವಂತರಿದ್ದಾರೆ. ಬೇಕು, ಸ್ವಾಮಿ. ಇಂಗ್ಲಿಷೂ ಕಲಿಯೋಣ, ಫ್ರೆಂಚೂ ಕಲಿಯೋಣ. ಹಾಗಾದರೆ ಹಿಂದಿ ಯಾವ ಹೊರದೇಶದ ಅತಿಥಿಗಾಗಿ? 1893ರಲ್ಲಿ ಹುಟ್ಟಿದ ಸ್ವಿಟ್ಜರ್ಲೆಂಡಿನ ಲೊಸಾನ್ ಹೋಟೆಲ್ ಶಾಲೆ ಇಡೀ ಜಗತ್ತಿಗೆ ಮ್ಯಾನೇಜರುಗಳನ್ನು ಕೊಟ್ಟಿದೆ. ಆ ಊರಿನ ಮಾತು ಫ್ರೆಂಚ್. ಆ ಶಾಲೆ ಫ್ರೆಂಚಿನಲ್ಲೂ ಪದವಿ ಪಾಠ ಹೇಳಿದೆ. ಅದರಿಂದ ಅದರ ಮಾನವೇನೂ ಹೋಗಲಿಲ್ಲ.

ಆತಿಥ್ಯ ನಮಗೆ ಹೊರಗಿನವರು ಕಲಿಸಬೇಕಾದ ವಿದ್ಯೆಯೇ? ಮದರಾಸಿಗೆ ಹೋದ ಉಡುಪಿ ಸೀಮೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ 1942ರಿಂದ ರಾಮ ನಾಯಕರ ಊಟದ ಮನೆ ನಡೆದುಬಂದಿದೆ. ಕುಂದಾಪುರ, ಕಾರ್ಕಳದಿಂದ ಹೋದ ಹುಡುಗರು ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ನಿದ್ದೆಗಣ್ಣಲ್ಲಿ ಓದಿದರು. ಹಾಗೆ ಓದಿದವರಲ್ಲಿ ಎಷ್ಟೋ ಮಂದಿ ಮುಂದೆ ಹೋಟೆಲ್ ಮಾಲೀಕರಾದರು. ಗಲ್ಲದಲ್ಲಿ ಕೂತರೂ ಕನ್ನಡ ಬಿಡಲಿಲ್ಲ, ಮರಾಠಿ ಕಲಿಯಲೂ ಹಿಂಜರಿಯಲಿಲ್ಲ. ಹೋದ ಊರಿನ ಮಾತು ಕಲಿಯುವುದೇ ಹೋಟೆಲಿನವನ ಮೊದಲ ಜವಾಬ್ದಾರಿ ಎಂದು ಅವರಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಾಗಿರಲಿಲ್ಲ. (ಕರಾವಳಿಯಲ್ಲಿ ಮಾಣಿ ಎಂದರೆ ಹುಡುಗ. ಅದನ್ನು ಕೀಳು ಕೆಲಸದ ಹೆಸರು ಮಾಡಿದವರು ನಾವೇ.)

ಪಕ್ಕದ ಕೇರಳ ನೋಡಿ. 2008ರಲ್ಲಿ ಕುಮರಕಂನಲ್ಲಿ ರೆಸಾರ್ಟುಗಳು ತರಕಾರಿಯನ್ನು ಊರಿನ ರೈತರಿಂದ, ಕುಡುಂಬಶ್ರೀ ಹೆಂಗಸರಿಂದ ಕೊಳ್ಳುವಂತೆ ಮಾಡಿದರು. ಮಲಯಾಳ ಬಲ್ಲವರು ಕೂತು ಮಾತಾಡದೆ ಆ ವ್ಯಾಪಾರ ಕುದುರುತ್ತಿತ್ತೇ?

ನಮ್ಮ ಸರ್ಕಾರದ ಶೌರ್ಯವೂ ನೆನಪಿರಲಿ. 2024ರ ಜುಲೈನಲ್ಲಿ ಮಸೂದೆಯೊಂದಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು: ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮಿಗಳು ಕೂಗೆಬ್ಬಿಸಿದರು. ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲಾಯಿತು! ಅದು ನಾಳೆ ಕಾಯ್ದೆಯೇ ಆಗಲಿ, ಓದಿನ ಬಾಗಿಲು ಮುಚ್ಚಿಟ್ಟರೆ 'ಅರ್ಹ ಕನ್ನಡಿಗ ಸಿಗಲಿಲ್ಲ' ಎಂದು ಷರಾ ಬರೆಯುವುದು ಎಷ್ಟು ಹೊತ್ತಿನ ಕೆಲಸ?

ಆದ್ದರಿಂದ ಪ್ರವೇಶ ಪರೀಕ್ಷೆ ಕನ್ನಡದಲ್ಲೂ ಆಗಬೇಕು. ಕರ್ನಾಟಕದಲ್ಲಿ ನಡೆಯುವ ಪ್ರತಿಯೊಂದು ಹೋಟೆಲ್ ಸ್ನಾತಕೋತ್ತರ ಕೋರ್ಸಿನಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗೆ ಬಳಕೆಯ ಕನ್ನಡ ಕಡ್ಡಾಯ ಪಾಠವಾಗಬೇಕು. ಹಂಪಿಯಲ್ಲೋ ಕಬಿನಿಯಲ್ಲೋ ತರಬೇತಿಗೆ ಹೋದವನು ಊರಿನವರ ಜೊತೆ ಮಾತಾಡಿ ವರದಿ ಬರೆಯಬೇಕು, ರೆಸಾರ್ಟಿನ ಕಾಂಪೌಂಡಿನೊಳಗೆ ಕೂತು ಅಲ್ಲ.

ನಿಮ್ಮ ಮಗನೋ ಮಗಳೋ ಈ ಕೋರ್ಸಿನ ಕೈಪಿಡಿ ತಂದರೆ ಕಾಲೇಜಿಗೆ ಫೋನು ಮಾಡಿ. ಕನ್ನಡದಲ್ಲೇ ಕೇಳಿ: 'ನಿಮ್ಮ ಜವಾಬ್ದಾರಿ ಪಾಠದಲ್ಲಿ ಕನ್ನಡ ಎಷ್ಟು ತಾಸು ಇದೆ?' ಉತ್ತರವನ್ನು ಬರೆದು ನಮಗೆ ಕಳಿಸಿ. ಕಾಲೇಜಿನ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ.