ಮೊದಲು ಅವರು ಖಂಡಿಸಲಿ ಎನ್ನುವವರಿಗೆ

ಜಗತ್ತಿನಲ್ಲಿ ಎಲ್ಲಿಯಾದರೂ ಒಂದು ದೇವಾಲಯದ ಮೇಲೆ ಬಾಂಬ್ ದಾಳಿಯಾದ ಸುದ್ದಿ ಬಂದರೆ, ಪೂಜೆ ಮುಗಿಸಿ ಅಂಗಳದಲ್ಲಿ ನಿಂತ ನಮ್ಮವರ ನಡುವೆ ಒಂದು ಮಾತು ಕೇಳಿಬರುತ್ತದೆ: "ಮುಸ್ಲಿಮರೊಂದಿಗೆ ಸಂವಾದವಂತೆ! ಮೊದಲು ಅವರು ಇದನ್ನು ಖಂಡಿಸಲಿ, ಆಮೇಲೆ ನೋಡೋಣ." ಈ ಮಾತಿನಲ್ಲಿ ನೋವಿದೆ, ಒಪ್ಪುತ್ತೇನೆ. 2019ರ ಈಸ್ಟರ್ ಭಾನುವಾರ ಶ್ರೀಲಂಕಾದ ದೇವಾಲಯಗಳಲ್ಲಿ ಹರಿದ ರಕ್ತವನ್ನು ಯಾರು ಮರೆತಾರು? ಆದರೆ ನೋವಿದ್ದ ಮಾತ್ರಕ್ಕೆ ಆ ಮಾತು ನ್ಯಾಯವಾಗುವುದಿಲ್ಲ. ಏಕೆಂಬುದನ್ನು ಅಲ್ಜೀರಿಯಾದ ಪುಟ್ಟ ಧರ್ಮಸಭೆಯನ್ನು ನೋಡಿ ತಿಳಿಯಬೇಕು.

1992ರ ಜನವರಿಯಲ್ಲಿ, ಇಸ್ಲಾಮೀ ಪಕ್ಷವೊಂದು ಗೆಲ್ಲಲಿದ್ದ ಚುನಾವಣೆಯನ್ನು ಅಲ್ಲಿನ ಸೇನೆ ರದ್ದುಗೊಳಿಸಿತು. ಅನಂತರದ ಹತ್ತು ವರ್ಷ ಆ ನಾಡು ಹೊತ್ತಿ ಉರಿಯಿತು. ಕಾಸ್ಬಾದ ಗ್ರಂಥಾಲಯದಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ ಬ್ರದರ್ ಹೆನ್ರಿ ವೆರ್ಜೆಸ್ ಹಾಗೂ ಸಿಸ್ಟರ್ ಪೌಲ್ ಎಲೆನ್ ಅವರನ್ನು 1994ರ ಮೇ 8ರಂದು ಗುಂಡಿಟ್ಟು ಕೊಂದರು. 1996ರ ಮಾರ್ಚ್‌ನಲ್ಲಿ ತಿಬಿರೀನ್ ಮಠದ ಏಳು ಸನ್ಯಾಸಿಗಳನ್ನು ಅಪಹರಿಸಲಾಯಿತು. ಅವರು ಜೀವಂತ ಮರಳಲಿಲ್ಲ. ಅವರ ಕೊಲೆಯ ಹೊಣೆಯ ಬಗ್ಗೆ ಇಂದಿಗೂ ವಿವಾದವಿದೆ. ಹೀಗೆ ಹತರಾದ ಗುರುಗಳು, ಸನ್ಯಾಸಿಗಳು, ಧರ್ಮಭಗಿನಿಯರು ಒಟ್ಟು 19.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅಂಗಳದ ಮಾತಿಗೆ ಪುಷ್ಟಿ ದೊರೆತಂತಾಗುತ್ತದೆ. ಆದರೆ ಆ ದಶಕದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂಬುದು ಸಾಮಾನ್ಯ ಅಂದಾಜು; ಅವರಲ್ಲಿ ಬಹುಪಾಲು ಮುಸ್ಲಿಮರೇ. ನೂರಕ್ಕೂ ಹೆಚ್ಚು ಇಮಾಮರು, ಕೊಲೆಯನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸಲು ಒಪ್ಪದೆ ಪ್ರಾಣತೆತ್ತರು. ಖಂಡಿಸಲಿ ಎನ್ನುತ್ತೀರಲ್ಲ, ಖಂಡಿಸಿದರು, ಖಂಡಿಸಿದ್ದಕ್ಕೇ ಸತ್ತರು. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿದೆಯೇ? ನನಗೂ ಗೊತ್ತಿರಲಿಲ್ಲ. ನಾವು ಕಿವಿಗೊಡದಿದ್ದುದನ್ನು ಅವರ ಮೌನವೆಂದು ಕರೆಯುವುದು ಎಂತಹ ನ್ಯಾಯ?

ಇನ್ನು ಒರಾನಿನ ಧರ್ಮಾಧ್ಯಕ್ಷ ಪಿಯೆರ್ ಕ್ಲಾವರಿ ಅವರ ಕಥೆ. 1938ರಲ್ಲಿ ಅಲ್ಜಿಯರ್ಸ್‌ನಲ್ಲಿ, ಫ್ರೆಂಚ್ ವಸಾಹತುಗಾರರ ಮನೆತನದಲ್ಲಿ ಹುಟ್ಟಿದವರು. ತಾವು ಬೆಳೆದದ್ದು ಒಂದು ಗುಳ್ಳೆಯೊಳಗೆ ಎಂದು ಮುಂದೆ ಅವರೇ ಹೇಳಿಕೊಂಡರು. ನೆರೆಯವರನ್ನು ಪ್ರೀತಿಸಬೇಕೆಂಬ ಪ್ರಬೋಧನೆಗಳನ್ನು ಬಾಲ್ಯದಲ್ಲಿ ಬೇಕಾದಷ್ಟು ಕೇಳಿದ್ದರಂತೆ. ಬೀದಿಯಲ್ಲಿ ಎದುರಾಗುವ ಅರಬನೂ ನೆರೆಯವನೆಂದು ಮಾತ್ರ ಯಾರೂ ಹೇಳಿರಲಿಲ್ಲವಂತೆ. (ನಮ್ಮ ಪ್ರಬೋಧನೆಗಳನ್ನೂ ಈ ಒರೆಗಲ್ಲಿಗೆ ಉಜ್ಜಿ ನೋಡಬಹುದು.) ದೊಮಿನಿಕನ್ ಗುರುವಾದ ಮೇಲೆ ಅಲ್ಜೀರಿಯಾಕ್ಕೆ ಮರಳಿ, ಅರಬ್ಬಿ ಭಾಷೆಯನ್ನು ಶ್ರದ್ಧೆಯಿಂದ ಕಲಿತರು. 1981ರಲ್ಲಿ ಒರಾನಿನ ಪೀಠವೇರಿದರು.

ಇಂಥವರಿಗೂ ಸಂವಾದ ಸಮ್ಮೇಳನಗಳ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. ಎರಡು ಧರ್ಮಗಳ ನಡುವೆ ಶತಮಾನಗಳ ಗಾಯಗಳಿರುವಾಗ ಆಡುವ ಪದಗಳಿಗೇ ಒಂದೇ ಅರ್ಥವಿಲ್ಲ. ಮೊದಲು ಜೊತೆಯಲ್ಲಿ ಬಾಳಬೇಕು, ಗೆಳೆತನ ಬೆಳೆಯಬೇಕು ಎಂಬುದು ಅವರ ನಿಲುವು. ಆದ್ದರಿಂದ ನನ್ನ ಜಗಳ ಅಂಗಳದವರೊಂದಿಗೆ ಮಾತ್ರವಲ್ಲ, ವೇದಿಕೆಯವರೊಂದಿಗೂ ಉಂಟು. ದೀಪ ಬೆಳಗಿ, ಶಾಲು ಹೊದಿಸಿ, ಎಲ್ಲ ಧರ್ಮಗಳ ಸಾರ ಒಂದೇ ಎಂದು ಹೇಳಿ, ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುವುದನ್ನು ನಾವು ಸಂವಾದವೆನ್ನುತ್ತೇವೆ. ಆ ವೇದಿಕೆಯ ಮೌಲ್ವಿಯವರ ಮನೆ ಯಾವ ಬೀದಿಯಲ್ಲಿದೆಯೆಂದು ಮರುದಿನ ಕೇಳಿದರೆ ಹೇಳಬಲ್ಲವರು ಎಷ್ಟು ಮಂದಿ? 1965ರಲ್ಲಿ ವ್ಯಾಟಿಕನ್ ಮಹಾಸಭೆ ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದು ಸಾರಿ ಅರುವತ್ತು ವರ್ಷ ಕಳೆದಿದೆ.

"ಕೊನೆಗೆ ಕ್ಲಾವರಿಯವರನ್ನೂ ಕೊಂದರಲ್ಲ, ಸಂವಾದ ಅವರನ್ನು ಉಳಿಸಿತೇ?" ಎಂದು ನೀವು ಕೇಳಬಹುದು. ಉಳಿಸಲಿಲ್ಲ. ಉಳಿಯುವುದೇ ಗುರಿಯಾಗಿದ್ದರೆ ಅವರು ಫ್ರಾನ್ಸಿಗೆ ಹೊರಡಬಹುದಿತ್ತು. ಸಂವಾದವನ್ನು ವಿಮಾ ಪಾಲಿಸಿಯಂತೆ ಕಾಣುವವರು ಮಾತ್ರ ಈ ಪ್ರಶ್ನೆ ಕೇಳಬಲ್ಲರು. ಶಿಲುಬೆಯಡಿಯಲ್ಲಿ ನಿಂತು ಅದನ್ನು ಕೇಳುವುದು ಹೇಗೆಂದು ನನಗೆ ತಿಳಿಯದು.

1996ರ ಆಗಸ್ಟ್ 1ರ ರಾತ್ರಿ, ಒರಾನಿನ ಧರ್ಮಾಧ್ಯಕ್ಷರ ನಿವಾಸದ ಬಾಗಿಲಲ್ಲಿ ಬಾಂಬ್ ಸಿಡಿಯಿತು. ಕ್ಲಾವರಿಯವರೊಂದಿಗೆ ಅವರ ಕಾರು ಓಡಿಸುತ್ತಿದ್ದ 21 ವರ್ಷದ ಮುಸ್ಲಿಮ್ ತರುಣ ಮೊಹಮ್ಮದ್ ಬೂಶಿಖಿಯೂ ಸತ್ತ. ಇಬ್ಬರ ರಕ್ತ ಒಂದೇ ನೆಲದ ಮೇಲೆ ಬೆರೆಯಿತು. ಅಂತ್ಯಕ್ರಿಯೆಗೆ ಬಂದು ಕಣ್ಣೀರಿಟ್ಟವರಲ್ಲಿ ಮುಸ್ಲಿಮರೇ ಹೆಚ್ಚು. ಅವರು ಕ್ಲಾವರಿಯವರನ್ನು ತಮ್ಮ ಧರ್ಮಾಧ್ಯಕ್ಷರೆಂದೇ ಕರೆದರು.

2018ರ ಡಿಸೆಂಬರ್ 8ರಂದು ಒರಾನಿನಲ್ಲೇ ಆ 19 ಮಂದಿಯನ್ನು ಪುನೀತರೆಂದು ಘೋಷಿಸಲಾಯಿತು. ಮೊಹಮ್ಮದನ ಹೆಸರು ಆ ಪಟ್ಟಿಯಲ್ಲಿಲ್ಲ, ಇರುವಂತೆಯೂ ಇಲ್ಲ. ಧರ್ಮಾಧ್ಯಕ್ಷರ ಜೊತೆಗಿರುವುದರ ಅಪಾಯವನ್ನು ಅವನು ಬಲ್ಲವನಾಗಿದ್ದ. ಸಾಯುವ ಮೊದಲು ಅವನು ದೇವರ ನಾಮದಿಂದ ಆರಂಭಿಸಿ ಬರೆದಿಟ್ಟ ಪುಟ್ಟ ಬರಹವೊಂದು ಆಮೇಲೆ ದೊರೆಯಿತು. ತಾನು ನೋಯಿಸಿದವರಿಂದ ಅದರಲ್ಲಿ ಕ್ಷಮೆ ಬೇಡಿದ್ದಾನೆ, ತನ್ನನ್ನು ನೋಯಿಸಿದವರನ್ನು ಕ್ಷಮಿಸಿದ್ದಾನೆ.