ನಿಮ್ಮೂರಿನ ಬೋರ್‌ವೆಲ್ ನೀರಿನ ಯುರೇನಿಯಂ ಲೆಕ್ಕ ಕೇಳಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯವರಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಟ್ಯಾಂಕರ್ ನೀರು ನಂಬಿ ಬದುಕುತ್ತಿರುವವರಲ್ಲಿ ನನ್ನದೊಂದು ವಿನಂತಿ. ನೀವು ಕುಡಿಯುವ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಎಷ್ಟಿದೆ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಬಂದ ಅಂಕಿಯನ್ನು ಫೈಲಿನೊಳಗೆ ಮಡಿಸಿಡಲು ಬಿಡಬೇಡಿ, ಊರಿನ ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿ.

ಯುರೇನಿಯಂ ಎಂದೊಡನೆ ಅಣುಸ್ಥಾವರ, ಬಾಂಬು, ಗಣಿ ನೆನಪಿಗೆ ಬರುತ್ತವೆ. ನಮ್ಮ ಬಯಲುಸೀಮೆಯ ನೀರಿನಲ್ಲಿರುವುದು ಅಲ್ಲಿಂದ ಬಂದದ್ದಲ್ಲ. ನಂದಿಬೆಟ್ಟ, ಶಿವಗಂಗೆ, ರಾಮನಗರದಲ್ಲಿ ಕಣ್ಣಿಗೆ ಕಾಣುವ ಬಂಡೆಗಳ ಬಳಗವೇ ಈ ಇಡೀ ಸೀಮೆಯ ನೆಲದಡಿಯಲ್ಲಿ ಹಾಸಿಕೊಂಡಿದೆ. ಸುಮಾರು 250 ಕೋಟಿ ವರ್ಷ, ಕೆಲವೆಡೆ ಅದಕ್ಕೂ ಹಳೆಯದಾದ ಈ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಯುರೇನಿಯಂ ಹುಟ್ಟಿನಿಂದಲೇ ಇದೆ. ಕಲ್ಲಿನೊಳಗೆ ಇರುವಷ್ಟು ಕಾಲ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಹಿರಿಯರು ಕೆರೆಯ ನೀರು, ಮೂವತ್ತು ನಲವತ್ತು ಅಡಿಯ ತೆರೆದ ಬಾವಿಯ ನೀರು ಕುಡಿದರು. ನಾವು ಸಾವಿರ, ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೆ ಇಳಿದಿದ್ದೇವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಕಲ್ಲಿನ ಜೊತೆ ಕಲೆತ ನೀರನ್ನು ಮೋಟರ್ ಹಾಕಿ ಮೇಲೆತ್ತುತ್ತಿದ್ದೇವೆ.

ಅಷ್ಟೇ ಆಗಿದ್ದರೆ ಪ್ರಕೃತಿಯ ಪಾಲಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಅಂತರ್ಜಲ ಕೆಳಗಿಳಿದಂತೆ ಹಿಂದೆ ನೀರು ತುಂಬಿದ್ದ ಬಿರುಕುಗಳಿಗೆ ಗಾಳಿ ನುಗ್ಗುತ್ತದೆ. ಆಮ್ಲಜನಕ ಸಿಕ್ಕ ಯುರೇನಿಯಂ ನೀರಿನಲ್ಲಿ ಸುಲಭವಾಗಿ ಕರಗುವ ರೂಪ ತಾಳುತ್ತದೆ. ನಮ್ಮ ನೀರಿನಲ್ಲಿ ಬೈಕಾರ್ಬೊನೇಟ್ ಹೇರಳವಾಗಿರುವುದರಿಂದ ಕರಗಿದ್ದು ಮತ್ತೆ ಕಲ್ಲಿಗೆ ಅಂಟದೆ ನೀರಿನಲ್ಲೇ ಉಳಿಯುತ್ತದೆ. ಹೊಲಕ್ಕೆ ಸುರಿದ ಗೊಬ್ಬರದ ನೈಟ್ರೇಟ್ ಕೂಡ ಈ ಕೆಲಸಕ್ಕೆ ಕೈಜೋಡಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಜಸ್ಥಾನ, ಗುಜರಾತಿನ ಬಾವಿಗಳ ನೀರು ಪರೀಕ್ಷಿಸಿ 2018ರಲ್ಲಿ ಹೇಳಿದ್ದೂ ಇದನ್ನೇ. ಮೂಲ ಕಲ್ಲಿನಲ್ಲಿದೆ, ಹೆಚ್ಚಿಸುತ್ತಿರುವುದು ಮಿತಿಮೀರಿ ನೀರೆತ್ತುವ ನಮ್ಮ ಪದ್ಧತಿ ಮತ್ತು ನೈಟ್ರೇಟ್. ಹಾಗಾಗಿ ಈ ಮಾಲಿನ್ಯದಲ್ಲಿ ನಮ್ಮ ಪಾಲೂ ಇದೆ, ಸರಿಪಡಿಸುವ ಹೊಣೆಯೂ ನಮ್ಮದೇ.

ಕರ್ನಾಟಕದ ಮಾತಿಗೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಸಂಗಡಿಗರು ಪೂರ್ವ ಕರ್ನಾಟಕದ ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳ ಕುಡಿಯುವ ನೀರನ್ನು ಅಳೆದು, 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿತ್ತು. ಕೆಲವು ಕಡೆ ಆ ಮಿತಿಯ ಹಲವು ಪಟ್ಟು ಇತ್ತು. ಪತ್ರಿಕೆಗಳಲ್ಲಿ ಒಂದಷ್ಟು ದಿನ ಸುದ್ದಿಯಾಯಿತು, ಆಮೇಲೆ ತಣ್ಣಗಾಯಿತು. ಆ ನೀರು ಕುಡಿಯುವವರು ಮಾತ್ರ ಅಲ್ಲೇ ಇದ್ದಾರೆ. ಪರೀಕ್ಷೆಯೇ ಆಗದ ಹಳ್ಳಿಗಳು ಸಾವಿರಾರು.

ಹೆದರಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಅಪಾಯವನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ನೀರಿನಲ್ಲಿರುವ ಸಹಜ ಯುರೇನಿಯಂ ವಿಕಿರಣಶೀಲ ಹೌದು, ಆದರೆ ಅದರ ವಿಕಿರಣ ದುರ್ಬಲ. ಅದು ಹೊರಸೂಸುವ ಆಲ್ಫಾ ಕಣ ಚರ್ಮವನ್ನೂ ದಾಟಲಾರದು. ಆ ನೀರಿನಲ್ಲಿ ಸ್ನಾನ ಮಾಡಿದರೆ, ಬಟ್ಟೆ ಒಗೆದರೆ ಚಿಂತೆಯಿಲ್ಲ. ಕುಡಿದದ್ದರಲ್ಲೂ ಬಹುಪಾಲು ದೇಹದಿಂದ ಹೊರಗೆ ಹೋಗುತ್ತದೆ. ರಕ್ತಕ್ಕೆ ಸೇರುವ ಸ್ವಲ್ಪ ಪಾಲು ಮೂತ್ರಪಿಂಡವನ್ನು ಹಾದುಹೋಗಬೇಕು, ಪೆಟ್ಟು ಬೀಳುವುದು ಅಲ್ಲಿಯೇ. ಸೀಸದಂತೆ ಯುರೇನಿಯಂ ಕೂಡ ಭಾರಲೋಹ. ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಅದು ರಾಸಾಯನಿಕವಾಗಿ ಹಾನಿ ಮಾಡುತ್ತದೆ. ಒಂದು ದಿನದ್ದಲ್ಲ, ವರ್ಷಗಟ್ಟಲೆ ದಿನವೂ ಕುಡಿದದ್ದರ ಪರಿಣಾಮ ಅದು. ಸಣ್ಣ ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರು ಕುಡಿಯುವ ನೀರು ದೊಡ್ಡವರಿಗಿಂತ ಹೆಚ್ಚು, ಆದ್ದರಿಂದ ಅವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಾಗೆಂದು ಊರಿನಲ್ಲಿ ಯಾರಿಗೋ ಕಿಡ್ನಿ ಕೆಟ್ಟಿತು ಎಂದ ಕೂಡಲೇ ಯುರೇನಿಯಂ ಮೇಲೆ ಹೊರಿಸಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನೋವಿನ ಮಾತ್ರೆಗಳು ಈ ಊರುಗಳಲ್ಲೂ ಬೇಕಾದಷ್ಟಿವೆ. ಊಹೆಯ ಮೇಲೆ ಹಬ್ಬುವ ಭಯ ನಿಜವಾದ ಕೆಲಸವನ್ನು ಹಾಳುಮಾಡುತ್ತದೆ. ಮೊದಲು ಬೇಕಾದ್ದು ಅಂಕಿ.

ಅಂಕಿ ಹೇಗೆ ಸಿಗುತ್ತದೆ? ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಬೇರೆತನವಿಲ್ಲ. ಫಿಲ್ಟರ್ ಮಾರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಮೀಟರಿಗೆ ಯುರೇನಿಯಂ ಗೊತ್ತಾಗುವುದೇ ಇಲ್ಲ. ಸಿನಿಮಾದಲ್ಲಿ ಟಿಕ್ ಟಿಕ್ ಎನ್ನುವ ಗೈಗರ್ ಯಂತ್ರ ಹಿಡಿದರೂ ಗೊತ್ತಾಗದು, ಆಲ್ಫಾ ಕಣಗಳು ನೀರಿನಲ್ಲೇ ಅಡಗಿಹೋಗುತ್ತವೆ. ಪಂಚಾಯಿತಿಗಳಿಗೆ ಕೊಟ್ಟಿರುವ ಬಣ್ಣ ಬದಲಾಗುವ ಕಿಟ್ಟುಗಳು ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತವೆ, ಯುರೇನಿಯಂ ಅಲ್ಲ. ಅದಕ್ಕೆಂದೇ ಫ್ಲೋರಿಮೀಟರ್ ಎಂಬ ಉಪಕರಣವಿದೆ, ಮೇಜಿನ ಮೇಲೆ ಇಡುವಷ್ಟು ಚಿಕ್ಕದು. ಗಾಜಿನ ಪುಟ್ಟ ಪಾತ್ರೆಗೆ ಕೆಲವು ಮಿಲಿಲೀಟರ್ ನೀರು ಹಾಕಿ, ಸೋಡಿಯಂ ಪೈರೋಫಾಸ್ಫೇಟ್ ದ್ರಾವಣ ಸ್ವಲ್ಪ ಬೆರೆಸಿ ಒಳಗಿಡುತ್ತಾರೆ. ಮೇಲಿನ ಮುಚ್ಚಳ ಮುಚ್ಚಿದ ಮೇಲೆ ಎಲ್‌ಇಡಿಯಿಂದ ನೇರಳೆ ಬೆಳಕು ಮಿಡಿದು ಮಿಡಿದು ಬೀಳುತ್ತದೆ. ನೀರಿನಲ್ಲಿ ಯುರೇನಿಯಂ ಇದ್ದರೆ ಅದು ಆ ಬೆಳಕು ನುಂಗಿ ಹಸಿರಾಗಿ ಹೊಳೆಯುತ್ತದೆ, ಕಣ್ಣಿಗೆ ಕಾಣದಷ್ಟು ಮಂದವಾಗಿ. ಯಂತ್ರ ಆ ಹಸಿರನ್ನು ಅಳೆದು ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂದು ತೋರಿಸುತ್ತದೆ. ನಿಮಿಷಗಳ ಕೆಲಸ. ಇನ್ನೂ ನಿಖರವಾಗಿ ಬೇಕೆಂದರೆ ಐಸಿಪಿ-ಎಂಎಸ್ ಎಂಬ ದೊಡ್ಡ ಯಂತ್ರವಿರುವ, ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳಿವೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣವನ್ನೇ ಅಧ್ಯಯನ ಮಾಡುವ ಕೇಂದ್ರವಿದೆ. ಅಂದರೆ ನಮ್ಮ ರಾಜ್ಯದಲ್ಲಿ ವಿದ್ಯೆಯೂ ಇದೆ, ಯಂತ್ರವೂ ಇದೆ. ಜಿಲ್ಲೆಗೊಂದು ಫ್ಲೋರಿಮೀಟರ್ ಇಟ್ಟು, ಅದನ್ನು ಬಳಸಲು ಬಲ್ಲ ಒಬ್ಬರನ್ನು ನೇಮಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ನಮ್ಮ ಶಾಸಕರನ್ನು ನಾವು ಕೇಳಬೇಕಾದ್ದು ಇದನ್ನು.

ಅಳೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಕೈಗಾದಲ್ಲೇ ನಿದರ್ಶನವಿದೆ. 2009ರ ನವೆಂಬರ್‌ನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಒಂದು ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇದ್ದ ಭಾರಜಲ ಬೆರೆಸಿದ್ದರು. ಆ ಟ್ರಿಟಿಯಂ ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಅದು ಬಯಲಾದದ್ದು ಯಾರೋ ಕಾಯಿಲೆ ಬಿದ್ದಿದ್ದರಿಂದಲ್ಲ. ಅಲ್ಲಿ ನೌಕರರ ಮೂತ್ರವನ್ನು ನಿಯಮದಂತೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಸ್ಥಾವರದ ಗೇಟಿನೊಳಗಿನ ನೀರಿಗೆ, ದುಡಿಯುವವರ ದೇಹಕ್ಕೆ ಇರುವ ಈ ಕಾವಲು ಬಯಲುಸೀಮೆಯ ಹಳ್ಳಿಯ ನಲ್ಲಿಗೆ ಏಕಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಪರೀಕ್ಷೆಯ ವರದಿ ಕೈಗೆ ಬಂದಾಗ ಒಂದು ಗೊಂದಲ ಎದುರಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹಿಂದೆ ಇಟ್ಟುಕೊಂಡ ಮಿತಿ 60. ನಿಮ್ಮ ನೀರಿನಲ್ಲಿ 45 ಬಂದರೆ, 60ರ ಒಳಗಿದೆ, ಪರವಾಗಿಲ್ಲ ಎಂದು ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. 60 ಎಂಬುದು ವಿಕಿರಣದ ಲೆಕ್ಕದಿಂದ ಬಂದ ಮಿತಿ, 30 ಮೂತ್ರಪಿಂಡದ ಲೆಕ್ಕದಿಂದ ಬಂದದ್ದು. ಪೆಟ್ಟು ಮೊದಲು ಬೀಳುವುದು ಮೂತ್ರಪಿಂಡಕ್ಕೆ ಎಂದಾದರೆ ನಾವು ಹಿಡಿಯಬೇಕಾದ ಗೆರೆ 30. ಭಾರತೀಯ ಮಾನಕ ಬ್ಯೂರೋ ಕೂಡ ಕುಡಿಯುವ ನೀರಿಗೆ ಈಗ ಅದನ್ನೇ ಒಪ್ಪಿಕೊಂಡಿದೆ.

ಇನ್ನು ಶುದ್ಧೀಕರಣದ ಮಾತು. ನೀರು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್, ಬಟ್ಟೆಯಲ್ಲಿ ಸೋಸುವುದು, ಇವುಗಳಿಂದಲೂ ಪ್ರಯೋಜನವಿಲ್ಲ. ಕೆಲಸ ಮಾಡುವುದು ಸರಿಯಾಗಿ ನಡೆಯುತ್ತಿರುವ ಆರ್‌ಓ ಮತ್ತು ಅಯಾನು ವಿನಿಮಯದ ಘಟಕಗಳು. ನಮ್ಮ ಪುಣ್ಯಕ್ಕೆ ಫ್ಲೋರೈಡ್ ಕಾರಣದಿಂದ ಈ ಜಿಲ್ಲೆಗಳ ಹಳ್ಳಿಹಳ್ಳಿಗೂ ನಾಣ್ಯ ಹಾಕಿ ಬಿಂದಿಗೆ, ಕ್ಯಾನು ತುಂಬಿಸಿಕೊಳ್ಳುವ ಆರ್‌ಓ ಘಟಕಗಳು ಬಂದಿವೆ. ಒಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಚೆನ್ನಾಗಿದ್ದರೆ ಅವು ಯುರೇನಿಯಂನ ಬಹುಭಾಗವನ್ನು ತಡೆಯುತ್ತವೆ. ಚೆನ್ನಾಗಿದ್ದರೆ ಎಂಬುದನ್ನು ಒತ್ತಿ ಹೇಳಬೇಕು. ಮೆಂಬ್ರೇನ್ ಬದಲಿಸಿ ವರ್ಷಗಳಾದ ಘಟಕ, ಬೀಗ ಹಾಕಿ ಗಿಡ ಬೆಳೆದ ಘಟಕ, ನಾಣ್ಯ ನುಂಗಿ ನೀರು ಕೊಡದ ಘಟಕ ನೀವೂ ನೋಡಿರುತ್ತೀರಿ. ಘಟಕ ಕೆಟ್ಟ ದಿನ ಜನ ಮತ್ತೆ ನೇರವಾಗಿ ನಲ್ಲಿಯ ನೀರಿಗೇ ಮರಳುತ್ತಾರೆ. ಅದಕ್ಕೇ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು, ಎರಡನ್ನೂ ಪರೀಕ್ಷೆಗೆ ಕಳಿಸಬೇಕು.

ಘಟಕದ ಹಿಂಬದಿಗೂ ಒಮ್ಮೆ ಹೋಗಿ ನೋಡಿ. ಅಲ್ಲಿ ಒಂದು ಪೈಪಿನಿಂದ, ಶುದ್ಧವಾಗದೆ ಉಳಿದ ನೀರು ಸದಾ ಸುರಿಯುತ್ತಿರುತ್ತದೆ. ಲೀಟರಿಗೆ 100 ಮೈಕ್ರೋಗ್ರಾಂ ಯುರೇನಿಯಂ ಇರುವ ಸಾವಿರ ಲೀಟರ್ ನೀರು ಒಳಗೆ ಹೋಗಿ ಐನೂರು ಲೀಟರ್ ಶುದ್ಧವಾಗಿ ಬಂದರೆ, ಉಳಿದ ಐನೂರು ಲೀಟರಿನಲ್ಲಿ ಯುರೇನಿಯಂ ಹತ್ತಿರ ಹತ್ತಿರ ಎರಡರಷ್ಟಾಗಿರುತ್ತದೆ. ಫ್ಲೋರೈಡೂ ಹಾಗೆಯೇ. ಈ ನೀರನ್ನು ದನ ಕುಡಿಯುವ ತೊಟ್ಟಿಗೆ ಬಿಡುವುದು ತಪ್ಪು. ಅಂತರ್ಜಲ ಮರುಪೂರಣ ಎಂದು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡುವುದು ಇನ್ನೂ ದೊಡ್ಡ ತಪ್ಪು, ತೆಗೆದ ವಿಷವನ್ನು ಮತ್ತೆ ಅದೇ ಬಾವಿಗೆ ಕೊಟ್ಟಂತೆ. ಶೌಚಾಲಯಕ್ಕೆ, ನೆಲ ತೊಳೆಯಲು, ವಾಹನ ತೊಳೆಯಲು ಬಳಸಬಹುದು. ದೊಡ್ಡ ಘಟಕಗಳಲ್ಲಿ ತಳಕ್ಕೆ ಹಾಸು ಹಾಕಿದ ಹೊಂಡದಲ್ಲಿ ನಿಲ್ಲಿಸಿ ಆವಿಯಾಗಲು ಬಿಡುವ ದಾರಿಯಿದೆ. ಬಳಸಿ ಬಿಟ್ಟ ಮೆಂಬ್ರೇನ್, ಅಯಾನು ವಿನಿಮಯದ ರಾಳ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುತ್ತಿಗೆದಾರರಿಂದ ಬರವಣಿಗೆಯಲ್ಲಿ ಪಡೆಯಿರಿ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದವರೇ, ನಿಮ್ಮಲ್ಲೂ ಇದೇ ಮಾತು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ, ಆ ನೀರು ಯಾವ ಊರಿನ, ಎಷ್ಟು ಅಡಿಯ ಬೋರ್‌ನದು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಈಗ ಕೇಳಿ. ಟ್ಯಾಂಕರಿನವರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಮೂಲದ ಬೋರ್‌ನ ಪರೀಕ್ಷಾ ವರದಿ ಕೇಳುವುದು ನಿಮ್ಮ ಹಕ್ಕು. ಕಾವೇರಿ ಐದನೇ ಹಂತದ ನೀರು ಬಂದ ಬಡಾವಣೆಗಳಲ್ಲಿ ಅದನ್ನು ಕುಡಿಯಲು, ಅಡುಗೆಗೆ ಮೀಸಲಿಡಿ, ಬೋರ್ ನೀರು ಉಳಿದ ಕೆಲಸಕ್ಕಿರಲಿ.

ಆರ್‌ಓ ನಿತ್ಯದ ಪರಿಹಾರ, ಮೂಲದ ಪರಿಹಾರ ಮೇಲ್ಮಟ್ಟದ ನೀರಿನಲ್ಲಿದೆ. ಮಳೆನೀರಿನಲ್ಲಿ ಕಲ್ಲಿನ ಯುರೇನಿಯಂ ಇಲ್ಲ. ಕೋಲಾರದ ಹಳ್ಳಿಯೊಂದರಲ್ಲಿ ಶಾಲೆಯ ಚಾವಣಿಯ ನೀರನ್ನು ಮೊದಲ ಮಳೆ ಬಿಟ್ಟು ಹಿಡಿದು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಇಟ್ಟುಕೊಂಡರೆ ಮಕ್ಕಳ ಕುಡಿಯುವ ನೀರಿಗೆ ತಿಂಗಳುಗಟ್ಟಲೆ ಒದಗುತ್ತದೆ. ಕೆರೆಯ ಹೂಳೆತ್ತಿ, ರಾಜಕಾಲುವೆ ಬಿಡಿಸಿ, ಹಳೆಯ ತೆರೆದ ಬಾವಿಗಳಿಗೆ ಮತ್ತೆ ನೀರು ಬರುವಂತೆ ಮಾಡಿದರೆ ಸಾವಿರ ಅಡಿಗೆ ಇಳಿಯುವ ಹಂಗು ಕಡಿಮೆಯಾಗುತ್ತದೆ. ಇದು ಐದು ವರ್ಷದ್ದಲ್ಲ, ಒಂದು ತಲೆಮಾರಿನ ಕೆಲಸ, ಗೊತ್ತಿದೆ. ಅಲ್ಲಿಯವರೆಗೆ ಪರೀಕ್ಷೆಯೂ ಆರ್‌ಓ ಘಟಕವೂ ಬೇಕೇ ಬೇಕು.

ಮುಂದಿನ ಗ್ರಾಮಸಭೆಗೆ ಹೋಗುವ ಮುನ್ನ ನೀರಿನ ಮಾದರಿ ಸಿದ್ಧಮಾಡಿಕೊಳ್ಳಿ. ನೀರುಗಂಟಿಗೆ ಹೇಳಿ ಬೋರ್ ಹತ್ತು ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ಗಲಬರಿಸಿ, ಒಂದು ಲೀಟರ್ ಬಾಯಿಮಟ್ಟ ತುಂಬಿ ಮುಚ್ಚಿ. ಊರು, ಬೋರ್ ಇರುವ ಜಾಗ, ಆಳ, ದಿನಾಂಕ ಬರೆದು ಅಂಟಿಸಿ. ಆರ್‌ಓ ಘಟಕದ ನೀರಿಗೂ ಇನ್ನೊಂದು ಬಾಟಲಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಓ) ಮೂಲಕ ಪತ್ರದ ಸಮೇತ ಕಳಿಸಿ, ಯುರೇನಿಯಂ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಮಾಮೂಲಿ ಪರೀಕ್ಷೆ ಮಾಡಿ ಕಳಿಸಿಬಿಡುತ್ತಾರೆ. ಅಲ್ಲಿ ಸೌಲಭ್ಯವಿಲ್ಲ ಎಂದರೆ ಇರುವ ಕಡೆಗೆ ಕಳಿಸಿಕೊಡುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಆಗಬೇಕು, ಯಾಕೆಂದರೆ ಅಂಕಿ ಋತುವಿನೊಂದಿಗೆ ಬದಲಾಗುತ್ತದೆ. 30 ದಾಟಿದ ಬೋರ್‌ಗೆ ಕೆಂಪು ಬಣ್ಣ ಬಳಿದು, ಕುಡಿಯಲು ಅಲ್ಲ ಎಂದು ಅದರ ಮೇಲೆ ಬರೆಸಿ. ಆ ಊರಿನ ಅಂಗನವಾಡಿಗೆ, ಶಾಲೆಯ ಬಿಸಿಯೂಟದ ಅಡುಗೆಮನೆಗೆ ಪರೀಕ್ಷೆಯಾದ ನೀರು ಅದೇ ವಾರದಿಂದ ತಲುಪುವಂತೆ ಪಂಚಾಯಿತಿ ಅಧ್ಯಕ್ಷರಿಂದ ಮಾತು ಪಡೆಯಿರಿ.